ಎಕ್ಸರೇ ಕಟ್ಟಿದ ಕೈ

ಆಕೆ ಠಾಣೆಗೆ ಬಂದದ್ದು ಬೆಳಗಿನ ಹಾಲು ಹಾಕುವ ಹೊತ್ತು ಮುಗಿದ ಮೇಲೆ. ಎಡಗೈಗೆ ಟವೆಲು ಸುತ್ತಿತ್ತು. ಹಿಂದೆ ಗಂಡ ಆಕೆಯ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಗಾಬರಿಯಲ್ಲಿ ಬರಿಗಾಲಲ್ಲೇ ಹೊರಟುಬಂದಿದ್ದಳಂತೆ. ನಾನು ಆಗ ಅರಕಲಗೂಡು ಕಡೆಯ ಒಂದು ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್. ಕುರ್ಚಿ ಹಾಕಿಸಿ ಕೂರಿಸಿದೆ. ಅತ್ತು ಕರೆದು ಮಾಡುತ್ತಾಳೆ ಅಂದುಕೊಂಡಿದ್ದರೆ ಆಕೆ ಮೊದಲು ಕೇಳಿದ್ದೇ ಬೇರೆ.

"ಮೇಡಮ್ಮೋರೆ, ಸಂಜೆ ಆಲು ಅಳೆಯಾಕೆ ನಾನೇ ಓಗ್ಬೇಕು. ಅಷ್ಟೊತ್ಗೆ ಮುಗೀತದಾ?"

ಮುಗಿಯುತ್ತದೆ ಎಂದೆ. ಅವತ್ತಿನ ಮಟ್ಟಿಗೆ ದೂರು ಬರೆಸಿಕೊಳ್ಳುವುದು ಮುಗಿಯುತ್ತದೆ ಎಂಬ ಅರ್ಥದಲ್ಲಿ ಹೇಳಿದ್ದೆ.

ಆಕೆ ತಮ್ಮೂರಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ಊರಿನವರು ತಂದ ಹಾಲಿಗೆ ಗಾಜಿನ ಕೊಳವೆ ಇಳಿಬಿಟ್ಟು, ಡಿಗ್ರಿ ನೋಡಿ, ನೀರು ಬೆರೆಸಿದ್ದರೆ ವಾಪಸ್ ಕಳಿಸುವುದು ಆಕೆಯ ಕೆಲಸ. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಆದರೆ ಹತ್ತನೇ ಕ್ಲಾಸಿಗೇ ಓದು ಬಿಟ್ಟ ಆ ಹೆಂಗಸಿನ ಮೇಜಿನ ಮುಂದೆ ಊರಿನ ಎಂಥೆಂಥವರೂ ಸಾಲಿನಲ್ಲಿ ನಿಲ್ಲಬೇಕಿತ್ತು. ಎಲ್ಲರೂ ಆಕೆಯನ್ನು ಡೇರಿಯಕ್ಕ ಎನ್ನುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರನ್ನು ದೂರಿನಲ್ಲಿ ಬರೆಸುವಾಗ ಗಂಡನೇ ಒಂದು ಕ್ಷಣ ಯೋಚಿಸಿದ.

ಹೊಡೆದವನು ಅದೇ ಡೇರಿ ಸಂಘದ ಒಬ್ಬ ನಿರ್ದೇಶಕ. ದೊಡ್ಡ ಹಿಡುವಳಿಯ ಮನೆಯವನು, ಮಾತಿನಲ್ಲಿ ಜೋರು.

"ಡಿಗ್ರಿ ನಿಂತಿಲ್ಲ ಅಂದೆ. ಇನ್ನೊಂದ್ಸಲ ನೋಡು ಅಂದ, ನೋಡ್ದೆ. ಮತ್ತೊಂದ್ಸಲ ಅಂದ, ಅದೂ ನೋಡ್ದೆ. ನೀರು ಕಣಣ್ಣ, ನಾನೇನ್ ಮಾಡ್ಲಿ ಅಂದೆ. ಅಷ್ಟೇಯ. ಷಟರ್ ಎಳೆಯೋ ಕಂಬಿ ಇತ್ತಲ್ಲ, ಅದ್ನ ತಕ್ಕಂಡ್ ಬೀಸ್ಬುಟ್ಟ. ತಲೆಗ್ ಬೀಳ್ತದೆ ಅಂತ ಕೈ ಅಡ್ಡ ಕೊಟ್ಟೆ."

ಟವೆಲು ಸರಿಸಿದಾಗ ಮುಂಗೈ ಊದಿ ಬಣ್ಣ ತಿರುಗಿತ್ತು. ಠಾಣೆಯ ರೈಟರ್, ಎಂದರೆ ಕಡತ ಬರೆಯುವ ಹೆಡ್ ಕಾನ್‌ಸ್ಟೆಬಲ್, ಒಮ್ಮೆ ನೋಡಿ "ಮೂಳೆ ಓಗದೆ ಮೇಡಂ" ಎಂದರು. ಹೊಸ ಕಾನೂನು ಬಂದ ಮೇಲೆ ಕಲಂ ನಂಬರುಗಳೆಲ್ಲ ಅದಲುಬದಲಾಗಿ, ಹಳೆಯದು ಹೊಸದು ಎರಡನ್ನೂ ಬರೆದ ಹಾಳೆಯನ್ನು ಅವರು ಗೋಡೆಗೆ ಅಂಟಿಸಿಕೊಂಡಿದ್ದರು. ಅದನ್ನು ನೋಡಿಕೊಂಡು, ಆಯುಧದಿಂದ ಗಂಭೀರ ಗಾಯ ಮಾಡಿದ ಕಲಂ ಹಾಕಿ ಪ್ರಕರಣ ದಾಖಲಿಸಿದೆವು. ಮಹಿಳಾ ಕಾನ್‌ಸ್ಟೆಬಲ್ ಜೊತೆ ಪತ್ರ ಕೊಟ್ಟು ಸರ್ಕಾರಿ ಆಸ್ಪತ್ರೆಗೆ ಕಳಿಸಿದೆವು.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಎಕ್ಸರೇ ತೆಗೆಸಿ, ಬಿರುಕು ಕಾಣುತ್ತಿದೆ, ಹಾಸನಕ್ಕೆ ಹೋಗಿ ಮೂಳೆ ತಜ್ಞರಿಗೆ ತೋರಿಸಿ ಎಂದರಂತೆ. ಫಿಲಂ ಇದ್ದ ಕವರನ್ನು ಗಂಡನ ಕೈಗೆ ಕೊಟ್ಟರಂತೆ. ಅದು ವಾಡಿಕೆ. ರೋಗಿ ಎಲ್ಲಿಗೆ ಹೋಗುತ್ತಾನೋ ಫಿಲಂ ಅಲ್ಲಿಗೆ ಹೋಗಬೇಕು, ಇಲ್ಲದಿದ್ದರೆ ಮುಂದಿನ ಡಾಕ್ಟರು ನೋಡುವುದೇನನ್ನು? ಆದರೆ ಗಂಡ ಹೆಂಡತಿ ಹಾಸನದ ಬಸ್ಸು ಹತ್ತಲಿಲ್ಲ ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಮಾರನೇ ದಿನ ಮಹಜರಿಗೆ ಊರಿಗೆ ಹೋದೆ. ಹೊಡೆದಾಗ ಸಾಲಿನಲ್ಲಿ ಇದ್ದವರನ್ನು ಒಬ್ಬೊಬ್ಬರಾಗಿ ಕರೆದು ಕೇಳಿದೆ. ಆ ಬೆಳಿಗ್ಗೆ ಊರಿಗೆ ಊರೇ ತಂತಮ್ಮ ಕ್ಯಾನಿನ ಒಳಗೇ ನೋಡುತ್ತಿತ್ತು ಎಂದು ತಿಳಿಯಿತು. ಒಬ್ಬನೂ ತಲೆ ಎತ್ತಿರಲಿಲ್ಲ. ಕಂಬಿ ಎಲ್ಲಿ ಎಂದು ಸಂಘದ ಕಾರ್ಯದರ್ಶಿಯನ್ನು ಕೇಳಿದೆ.

"ಯಾವ್ ಕಂಬಿ ಮೇಡಂ? ನಾವು ಷಟರ್ನ ಕೈಯಲ್ಲೇ ಎಳೆಯೋದು."

"ಎಳೀರಿ ನೋಡೋಣ" ಎಂದೆ.

ಕುಳ್ಳ ಮನುಷ್ಯ. ಎರಡು ಸಲ ಹಾರಿದ, ಕೈ ಎಟುಕಲಿಲ್ಲ. ಮೂರನೇ ಸಲ ಒಳಗಿಂದ ಸ್ಟೂಲು ತಂದು ಹತ್ತಿ ಎಳೆದು, ನನ್ನ ಕಡೆ ತಿರುಗಿ ನಕ್ಕ. ಸ್ಟೂಲಿಗೆ ಒದೆಯುವಷ್ಟು ಸಿಟ್ಟು ಬಂತು. ಒದೆಯಲಿಲ್ಲ. ಡೇರಿಯ ಒಳಗೂ ಹೊರಗೂ ಹುಡುಕಿಸಿದೆ, ನಿರ್ದೇಶಕನ ಮನೆಯ ಕೊಟ್ಟಿಗೆಯನ್ನೂ ಹುಡುಕಿಸಿದೆ. ಕಂಬಿ ಸಿಗಲಿಲ್ಲ.

ಅಲ್ಲಿಗೆ ನನ್ನ ಕೈಯಲ್ಲಿ ಉಳಿದ ಸಾಕ್ಷಿ ಒಂದೇ, ಆಕೆಯ ಮೂಳೆ. ಸಾಕ್ಷಿಗಳು ಬಾಯಿ ಮುಚ್ಚಿಕೊಂಡರೂ, ಕಂಬಿ ಮಾಯವಾದರೂ, ಕಬ್ಬಿಣದಂಥ ಗಟ್ಟಿ ವಸ್ತು ಬಿದ್ದು ಮುಂಗೈ ಮೂಳೆ ಬಿರಿದಿದೆ ಎಂದು ಡಾಕ್ಟರು ಬರೆದುಕೊಟ್ಟರೆ ಪ್ರಕರಣ ನಿಲ್ಲುತ್ತದೆ. ಅದಕ್ಕೆ ಗಾಯದ ಪ್ರಮಾಣಪತ್ರ ಬೇಕು. ಆ ಪತ್ರ ಬರದೆ ಗಾಯ ಸಾದಾ ಇರಲಿ ಗಂಭೀರವಿರಲಿ, ಆರೋಪಪಟ್ಟಿ ಹಾಕುವಂತಿಲ್ಲ.

ಸಾದಾ, ಗಂಭೀರ ಎಂಬ ವ್ಯತ್ಯಾಸ ಶಿಕ್ಷೆಗಿಂತ ಹೆಚ್ಚಾಗಿ ಬೇರೆ ಕಾರಣಕ್ಕೆ ನನಗೆ ಮುಖ್ಯವಾಗಿತ್ತು. ಆಯುಧದಿಂದ ಮೂಳೆ ಮುರಿದ ಕೇಸಿನಲ್ಲಿ ರಾಜಿಗೆ ಅವಕಾಶವಿಲ್ಲ. ಊರಿನ ಹಿರಿಯರು ಹೆಣ್ಣುಮಗಳನ್ನು ಜಗುಲಿಯ ಮೇಲೆ ಕೂರಿಸಿಕೊಂಡು, "ಓಗ್ಲಿ ಬುಡವ್ವ, ಒಂದೇ ಊರಿನಾಗೆ ಬಾಳ್ಬೇಕು" ಎಂದು ಒಪ್ಪಿಸಿದರೂ ಕಾನೂನು ಒಪ್ಪುವುದಿಲ್ಲ. ಬರೀ ಕೈಯಲ್ಲಿ ಹೊಡೆದ ಕೇಸಾದರೆ ರಾಜಿ ಮಾಡಿಕೊಳ್ಳಬಹುದು, ಮಾಡಿಸಿಯೇ ಮಾಡಿಸುತ್ತಾರೆ. ಇಂಥ ಎಷ್ಟೋ ಹೆಂಗಸರು ಕೋರ್ಟಿನ ಮುಂದೆ ತಲೆ ತಗ್ಗಿಸಿ ರಾಜಿಪತ್ರಕ್ಕೆ ಸಹಿ ಹಾಕುವುದನ್ನು ನೋಡಿ ನೋಡಿ ನನಗೆ ರೋಸಿಹೋಗಿತ್ತು. ಈ ಒಂದು ಕೇಸಿನಲ್ಲಿ ಅದಾಗಬಾರದು ಎಂದು ಹಟ ಹಿಡಿದೆ.

ನಿರ್ದೇಶಕ ವಕೀಲರನ್ನು ಹಿಡಿದು ಕೋರ್ಟಿನಲ್ಲಿ ಜಾಮೀನು ಪಡೆದುಕೊಂಡ. ಅದೇ ವಾರ ಡೇರಿಯ ಆಡಳಿತ ಮಂಡಳಿ ಸಭೆ ಸೇರಿತು. ಯಾರದು ತಪ್ಪು ಎಂದು ಗೊತ್ತಾಗುವ ತನಕ ಆಕೆ ಕೆಲಸಕ್ಕೆ ಬರುವುದು ಬೇಡ, ಪೊಲೀಸರು ಕೋರ್ಟಿಗೆ ಆರೋಪಪಟ್ಟಿ ಹಾಕಲಿ, ಆಮೇಲೆ ನೋಡೋಣ ಎಂದು ತೀರ್ಮಾನ ಮಾಡಿದರು. ಅಲ್ಲಿಯವರೆಗೆ ಹಾಲು ಪರೀಕ್ಷೆಗೆ ನಿರ್ದೇಶಕನ ತಮ್ಮನ ಸೊಸೆಯನ್ನು ತಾತ್ಕಾಲಿಕವಾಗಿ ಕೂರಿಸಿದರು. ಹೊಡೆದವನು ನಿರ್ದೇಶಕನಾಗಿಯೇ ಉಳಿದ. ಹೊಡೆಸಿಕೊಂಡವಳು ಮನೆಯಲ್ಲಿ ಕೂತಳು. ಆಕೆಯ ಕೆಲಸ ಈಗ ನನ್ನ ಆರೋಪಪಟ್ಟಿಗೆ ತಗುಲಿಕೊಂಡಿತ್ತು.

ಪ್ರಮಾಣಪತ್ರಕ್ಕೆ ಆಸ್ಪತ್ರೆಗೆ ಬರೆದೆವು. ಉತ್ತರವಿಲ್ಲ. ಮತ್ತೆ ಬರೆದೆವು. ಕೊನೆಗೆ ನಾನೇ ಹೋದೆ. ಅವತ್ತು ನೋಡಿದ ಡಾಕ್ಟರು ಕಡ್ಡಾಯ ಗ್ರಾಮೀಣ ಸೇವೆಗೆ ಬಂದಿದ್ದ ಹುಡುಗ, ಅವಧಿ ಮುಗಿದು ಹೊರಟುಹೋಗಿದ್ದ. ಇನ್ನೊಬ್ಬ ಡಾಕ್ಟರನ್ನು ಕೇಳಿದರೆ, "ನಾನು ನೋಡದೇ ಇರೋ ಗಾಯಕ್ಕೆ ನಾನು ಸಹಿ ಹಾಕಲ್ಲ ಮೇಡಂ" ಎಂದರು. ತಪ್ಪೆನ್ನಲು ಬಾಯಿ ಬರಲಿಲ್ಲ. ಎಕ್ಸರೇ ಕೋಣೆಯವನು, ಕಂಪ್ಯೂಟರಿನಲ್ಲಿ ಜಾಗ ತುಂಬಿದಾಗಲೆಲ್ಲ ಹಳೆಯದನ್ನು ಅಳಿಸಿಬಿಡುತ್ತೇವೆ, ಹೇಗಿದ್ದರೂ ಫಿಲಂ ಪೇಷಂಟ್ ಹತ್ತಿರ ಇರುತ್ತದಲ್ಲ ಎಂದ.

ಹುಡುಗ ಡಾಕ್ಟರನ್ನು ಹುಡುಕಿಕೊಂಡು ಚನ್ನರಾಯಪಟ್ಟಣಕ್ಕೆ ಹೋದೆ. ಅಲ್ಲೊಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿಕೊಂಡು ಮುಂದಿನ ಪರೀಕ್ಷೆಗೆ ಓದುತ್ತಿದ್ದ. ಒಳ್ಳೆಯ ಹುಡುಗ. ಟೀ ತರಿಸಿಕೊಟ್ಟ.

"ಚೆನ್ನಾಗಿ ನೆನಪಿದೆ ಮೇಡಂ. ಮುಂಗೈಯಲ್ಲಿ ಕ್ರ್ಯಾಕ್ ಇತ್ತು. ನೋವಿಗೆ ಇಂಜೆಕ್ಷನ್ ಕೊಡುವಾಗಲೂ ಅವರು ಸಂಜೆ ಡ್ಯೂಟಿಗೆ ಹೋಗಬಹುದಾ ಅಂತ ಕೇಳ್ತಿದ್ದರು."

"ಹಾಗಾದರೆ ಬರೆದುಕೊಡಪ್ಪ."

"ರಿಜಿಸ್ಟರಿನಲ್ಲಿ 'ಮುರಿತದ ಅನುಮಾನ, ತಜ್ಞರ ಅಭಿಪ್ರಾಯಕ್ಕೆ' ಅಂತ ಬರೆದಿದ್ದೇನೆ. ಫಿಲಂ ತನ್ನಿ, ನೋಡಿ ಅಲ್ಲೇ ಗಂಭೀರ ಅಂತ ಕೊಡ್ತೀನಿ. ನೆನಪಿನ ಮೇಲೆ ಬರೆದರೆ ಕೋರ್ಟಲ್ಲಿ ನನ್ನ ಚರ್ಮ ಸುಲೀತಾರೆ."

ಫಿಲಂ ತಾನೇ, ತರುತ್ತೇನೆ ಎಂದು ಎದ್ದೆ. ಅಲ್ಲಿಂದ ನೇರ ಆಕೆಯ ಊರಿಗೆ ಹೋದೆ. ಗಂಡ ಕೊಟ್ಟಿಗೆಯಲ್ಲಿದ್ದ.

"ಎಕ್ಸರೇ ಫಿಲಂ ಎಲ್ಲಪ್ಪ?"

"ಪೋಟೋನಾ ಮೇಡಮ್ಮೋರೆ? ಅದ್ನ ಅಜ್ಜ ಕತ್ರಿಸಿ ಕಟ್ಟುಬುಟ್ರಲ್ಲ."

ನನಗೆ ತಲೆಬುಡ ತಿಳಿಯಲಿಲ್ಲ. ಆಕೆ ಒಳಗಿನಿಂದ ಬಂದು ಸೆರಗು ಸರಿಸಿ ಕೈ ತೋರಿಸಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಬಿದಿರಿನ ದಬ್ಬೆ ಕಟ್ಟಿ ಬಟ್ಟೆ ಸುತ್ತಿತ್ತು. ಬಟ್ಟೆಯ ಅಂಚಿನಲ್ಲಿ ಕಪ್ಪಗೆ, ನುಣ್ಣಗೆ ಏನೋ ಇಣುಕುತ್ತಿತ್ತು. ಅದು ಎಕ್ಸರೇ ಫಿಲಮ್ಮು.

ಆಗ ವಿಷಯ ಹೊರಗೆ ಬಂತು. ಹಾಸನಕ್ಕೆ ಹೋದರೆ ಕೈ ಕೊಯ್ದು ಪ್ಲೇಟು ಹಾಕುತ್ತಾರೆ, ತಿಂಗಳುಗಟ್ಟಲೆ ಕೆಲಸ ತಪ್ಪುತ್ತದೆ ಎಂದು ಯಾರೋ ಹೆದರಿಸಿದ್ದರು. ಇವರು ಆಟೋ ಮಾಡಿಕೊಂಡು ಹೊಳೆನರಸೀಪುರದ ಕಡೆ ಒಂದು ಹಳ್ಳಿಯಲ್ಲಿ ಮೂಳೆ ಕಟ್ಟುವ ಅಜ್ಜನ ಹತ್ತಿರ ಹೋಗಿದ್ದರು. ಆ ಅಜ್ಜ ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು, ಏನೇನೋ ಸೊಪ್ಪು ಅರೆದು ಮೆತ್ತಿ, ಮೇಲೆ ದಬ್ಬೆ ಕಟ್ಟುತ್ತಾನೆ. ದಬ್ಬೆಯ ಸಿಬಿರು ಚರ್ಮಕ್ಕೆ ಚುಚ್ಚಬಾರದೆಂದು, ಬಂದವರು ತಂದ ಎಕ್ಸರೇ ಫಿಲಮ್ಮನ್ನೇ ಪಟ್ಟಿಪಟ್ಟಿಯಾಗಿ ಕತ್ತರಿಸಿ ಒಳಗಿಡುತ್ತಾನೆ. ನೀರು ಹೀರುವುದಿಲ್ಲ, ಹರಿಯುವುದಿಲ್ಲ, ಮೈಗೆ ತಕ್ಕಂತೆ ಬಾಗುತ್ತದೆ. ಮೂಳೆ ಮುರಿದ ಸಾಕ್ಷಿಯಿಂದಲೇ ಆ ಮೂಳೆಯನ್ನು ಕಟ್ಟಿ ಕಳಿಸಿದ್ದ!

ನಗಬೇಕೋ ಅಳಬೇಕೋ ತಿಳಿಯದೆ ನಾನು ಕಲಗಚ್ಚಿನ ಬಾನಿಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟೆ. ಆಕೆ ಗಾಬರಿಯಾಗಿ ಮಜ್ಜಿಗೆ ತಂದುಕೊಟ್ಟಳು.

ಅವರಿಬ್ಬರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಅಜ್ಜನ ಹತ್ತಿರ ಹೋದೆ. ಅಜ್ಜನ ಜಗುಲಿಯ ತುಂಬ ಕೈಕಾಲು ಕಟ್ಟಿಸಿಕೊಂಡವರು ಕೂತಿದ್ದರು. ನಾನು ಬಂದ ಕಾರಣ ಕೇಳಿ ಅಜ್ಜನಿಗೆ ಸಿಟ್ಟು ಬಂತು.

"ಈಗ್ಲೇ ಬಿಚ್ಚಕಾಯ್ತದಾ ತಾಯಿ? ಅಸಿ ಮೂಳೆ. ಜರುಗ್ಬುಟ್ರೆ ಕೈ ಸೊಟ್ಟ ಆಯ್ತದೆ. ಆಮ್ಯಾಕೆ ನೀನ್ ಸರಿ ಮಾಡ್ಕೊಟ್ಟೀಯಾ?"

"ಮೂಳೆ ಮುರಿದಿತ್ತು ಅಂತ ಕೋರ್ಟಲ್ಲಿ ಹೇಳ್ತೀಯಾ ಅಜ್ಜ?"

"ಮುರ್ದಿತ್ತು ಕಣವ್ವ, ಮುಟ್ಟುದ್ರೆ ತಿಳಿಯಕಿಲ್ವಾ? ಆದ್ರೆ ಕೋರ್ಟು ಗೀರ್ಟು ಬ್ಯಾಡ. ಡಾಕ್ಟ್ರಿಕೆ ಮಾಡಾಕೆ ನಿಂಗ್ಯಾರು ಸರ್ಟಿಪಿಕೇಟ್ ಕೊಟ್ರು ಅಂತ ಅವ್ರು ನನ್ನೇ ಒಳಿಕ್ ಆಕ್ತಾರೆ. ಆಕಕಿಲ್ಲ ಅಂತ ನೀನ್ ಬರ್ಕೊಡು, ಬತ್ತೀನಿ."

ಬರೆದುಕೊಡುವುದು ನನ್ನ ಕೈಲಿರಲಿಲ್ಲ. ಕಟ್ಟು ಬಿಚ್ಚುವ ದಿನ ನಾನು ಇರಬೇಕು, ನಾನು ಬಾರದೆ ಬಿಚ್ಚಬಾರದು ಎಂದು ಹೇಳಿ ಬಂದೆ. ತನಿಖೆಯೇ ದಬ್ಬೆ ಕಟ್ಟಿಸಿಕೊಂಡು ಕೂತಂತಾಯಿತು.

ಆ ದಿನ ಬಂದಾಗ ರೈಟರನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಹೋದೆ. ಹೊಸ ನಿಯಮದ ಪ್ರಕಾರ ಜಪ್ತಿಯನ್ನೆಲ್ಲ ವಿಡಿಯೊ ಮಾಡಬೇಕು. ರೈಟರು ಮೊಬೈಲು ಹಿಡಿದು ನಿಂತರು. ಅಜ್ಜ ಬಿಸಿನೀರು ಹಾಕಿ ನೆನೆಸಿ ಒಂದೊಂದೇ ಸುತ್ತು ಬಿಚ್ಚಿದ. ಹಿಟ್ಟು ಮೆತ್ತಿದ ಮೂರು ಪಟ್ಟಿಗಳು ಬಂದವು. ಒಂದರಲ್ಲಿ ಬೆರಳುಗಳ ಬುಡ, ಒಂದರಲ್ಲಿ ಮೊಣಕೈಯ ಗೆಣ್ಣು, ಇನ್ನೊಂದು ಮಸಿ ಬಳಿದ ಹಾಗೆ. ಬಿರುಕು ಇರಬೇಕಾದ ನಡುಭಾಗ ಇರಲಿಲ್ಲ. ರೋಗಿಯ ಹೆಸರು, ನಂಬರು ಇರುವ ಮೂಲೆಯೂ ಇರಲಿಲ್ಲ.

"ಮಿಕ್ಕಿದ್ದೆಲ್ಲಿ ಅಜ್ಜ?"

"ಮಿಕ್ಕಿದ್ದಾ? ಅವತ್ತೇ ಇನ್ಯಾರೋ ಕಾಲ್ ಮುರ್ಕಂಡ್ ಬಂದಿದ್ರು. ಅವ್ರತ್ರ ಪೋಟೋ ಇರ್ನಿಲ್ಲ. ಅವ್ರಿಗ್ ಕಟ್ದೆ."

ಅವರು ಯಾರು, ಯಾವ ಊರು ಎಂದರೆ ಅಜ್ಜನಿಗೆ ತಿಳಿಯದು. ಬಂದವರ ಊರುಕೇರಿ ಕೇಳುವ ಅಭ್ಯಾಸ ಅವನಿಗಿಲ್ಲ. ಇದ್ದ ಮೂರು ಪಟ್ಟಿಗಳನ್ನೇ ಜಪ್ತಿ ಮಾಡಿ ಕವರಿಗೆ ಹಾಕಿ ಅರಗು ಒತ್ತಿದೆವು. ಆಕೆ ಕೈಯನ್ನು ಮೇಲೆ ಕೆಳಗೆ ಆಡಿಸಿ ನೋಡಿಕೊಂಡು ನಕ್ಕಳು. ಕೈ ಸರಿಯಾಗಿತ್ತು. ಆ ನಗು ನೋಡಿ ನನಗೂ ಖುಷಿಯಾಗಬೇಕಿತ್ತು. ನಿಜ ಹೇಳಬೇಕೆಂದರೆ ಆಗಲಿಲ್ಲ.

ಅದೇ ತಿಂಗಳು ಸರ್ಕಲ್ ಇನ್ಸ್‌ಪೆಕ್ಟರ್ ಸಾಹೇಬರು ಕರೆಸಿದರು. ತನಿಖೆ ಮುಗಿಯದ ಪ್ರಕರಣಗಳ ಪಟ್ಟಿಯಲ್ಲಿ ನಮ್ಮ ಠಾಣೆ ಮೇಲಿತ್ತು. ಅವರು ಕೆಟ್ಟವರಲ್ಲ, ಸುಸ್ತಾದವರು.

"ನಿನ್ನ ಹತ್ರ ಕಂಬಿ ಇಲ್ಲ, ಸಾಕ್ಷಿ ಇಲ್ಲ, ಫಿಲಂ ಇಲ್ಲ. ತಡೆದ, ಕೈಯಲ್ಲಿ ಹೊಡೆದ, ಬೈದ ಅಂತ ಸಣ್ಣದೊಂದು ಚಾರ್ಜ್‌ಶೀಟ್ ಹಾಕಿ ಕೈ ತೊಳ್ಕೊಳಮ್ಮ. ಇವತ್ತಿಗೂ ಅಷ್ಟೆ, ವರ್ಷ ಬಿಟ್ಟರೂ ಅಷ್ಟೆ."

"ಸರ್, ಹಾಸನದಲ್ಲಿ ಹೊಸದಾಗಿ ಎಕ್ಸರೇ ತೆಗೆಸಿ ತಜ್ಞರ ಅಭಿಪ್ರಾಯ ಕೇಳ್ತೀನಿ. ಸ್ವಲ್ಪ ಟೈಮ್ ಕೊಡಿ."

"ಟೈಮ್ ನಾನು ಕೊಡ್ತೀನಿ. ಆ ಹೆಂಗಸಿನ ಹತ್ರ ಐತಾ ಕೇಳ್ಕೊ."

ಕೇಳಿದೆ. ಊರಿಗೆ ಹೋಗಿ ಕೇಳಿದೆ. ಸಣ್ಣ ಕಲಂ ಹಾಕಿದರೆ ಬೇಗ ಮುಗಿಯುತ್ತದೆ, ಆದರೆ ಊರಿನವರು ರಾಜಿ ಮಾಡಿಸುತ್ತಾರೆ. ದೊಡ್ಡ ಕಲಂ ನಿಂತರೆ ಯಾರೂ ನಿನ್ನನ್ನು ಬಗ್ಗಿಸಲು ಆಗುವುದಿಲ್ಲ, ಆದರೆ ಕಾಯಬೇಕು. ಹೀಗೆ ಬಿಡಿಸಿ ಹೇಳಿದೆ.

"ನೀವೇನಂತೀರಿ ಮೇಡಮ್ಮೋರೆ?"

"ನಾನಾಗಿದ್ದರೆ ಕಾಯ್ತಿದ್ದೆ" ಎಂದೆ.

"ಅಂಗಾರೆ ಕಾಯ್ತೀನಿ."

ಆಮೇಲೆ ವರ್ಷಕ್ಕೊಮ್ಮೆ ಹಾಸನಾಂಬೆ ಗುಡಿಯ ಬಾಗಿಲು ತೆರೆಯುವ ಕಾಲ ಬಂತು. ಜಿಲ್ಲೆಯ ಪೊಲೀಸರೆಲ್ಲ ಹಾಸನದ ಬೀದಿಗಳಲ್ಲಿ ಬ್ಯಾರಿಕೇಡ್ ಹಿಡಿದು ನಿಂತೆವು. ನಾನು ಸಾಲು ಸರಿಮಾಡುತ್ತಾ, ವಿಐಪಿ ಪಾಸಿನವರ ಬೈಗುಳ ತಿನ್ನುತ್ತಾ ಇದ್ದೆ. ಮೂಳೆ ತಜ್ಞರ ಆಸ್ಪತ್ರೆ ಅಲ್ಲಿಂದ ಕೂಗಳತೆಯಲ್ಲಿತ್ತು, ಆದರೆ ಬಂದೋಬಸ್ತ್ ಬಿಟ್ಟು ಕದಲುವಂತಿರಲಿಲ್ಲ. ಅದು ಮುಗಿಯಿತು ಅನ್ನುವಷ್ಟರಲ್ಲಿ ಇನ್ಯಾರದೋ ಸಮಾವೇಶ, ಅದಾದ ಮೇಲೆ ಬೇರೆ ಠಾಣೆಯ ಇನ್‌ಚಾರ್ಜು. ಆರೋಪಪಟ್ಟಿ ಯಾಕೆ ತಡವಾಗುತ್ತದೆ ಎಂದು ಕೇಳುವವರು ಲಂಚವನ್ನೋ ಒತ್ತಡವನ್ನೋ ಹುಡುಕುತ್ತಾರೆ. ಈ ಕೇಸಿನಲ್ಲಿ ನನಗೆ ಯಾರೂ ಲಂಚ ಕೊಡಲು ಬರಲಿಲ್ಲ, ಯಾವ ಫೋನೂ ಬರಲಿಲ್ಲ. ಅದರ ಅಗತ್ಯವೇ ಯಾರಿಗೂ ಬೀಳಲಿಲ್ಲ.

ಕೊನೆಗೊಂದು ದಿನ ಆಕೆಯನ್ನು ಹಾಸನಕ್ಕೆ ಕರೆದುಕೊಂಡು ಹೋದೆ. ಕಟ್ಟಾಯದಲ್ಲಿ ಟೀಗೆ ನಿಲ್ಲಿಸಿದಾಗ ಆಕೆ ಮೊದಲ ಸಲ ಊರಿನ ವಿಷಯ ಬಾಯಿ ಬಿಟ್ಟಳು. ಮನೆಯಲ್ಲಿ ಎರಡು ಹಸು ಕರೆಯುತ್ತಿದ್ದವು. ಆ ಹಾಲನ್ನು ಡೇರಿಗೆ ಒಯ್ದರೆ ಹೊಸ ಹುಡುಗಿ ಕೊಳವೆ ಇಳಿಬಿಟ್ಟು, ಡಿಗ್ರಿ ಇಲ್ಲ ಎಂದು ವಾಪಸ್ ಕಳಿಸುತ್ತಿದ್ದಳು.

"ನನ್ ಆಲ್ಗೇ ನೀರು ಅಂತಾಳೆ ಮೇಡಮ್ಮೋರೆ. ಅವ್ಳು ಕೊಳವೆ ಇಡ್ಯೋದೇ ತಪ್ಪು. ನೊರೆ ಆರೋದ್ನೂ ಕಾಯಕಿಲ್ಲ. ಸಾಲಲ್ಲಿ ನಿಂತಿರೋರೆಲ್ಲ ನಗ್ತಾರೆ. ಈಗ ನಮ್ಮೆಜಮಾನ್ರು ದಿನಾ ಪಕ್ಕದೂರ್ಗೆ ವೊಯ್ತಾರೆ."

ತಜ್ಞರು ಹೊಸ ಎಕ್ಸರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕೂಡಿಕೊಂಡ ಗುರುತು ಸಣ್ಣಗೆ ಇದೆ ಎಂದರು.

"ಈ ಮೂಳೆ ಎಂದೋ ಬಿರಿದು ಕೂಡಿಕೊಂಡಿದೆ ಅಂತ ಬರೆದುಕೊಡಬಲ್ಲೆ. ಯಾವತ್ತು, ಹೇಗೆ ಅಂತ ಹೇಳಲಾರೆ. ಮೊದಲನೇ ಎಕ್ಸರೇ ಇದ್ದಿದ್ದರೆ ಒಂದು ನಿಮಿಷದ ಮಾತು."

ಹೊರಗೆ ಬಂದು ಆಕೆಗೆ ಹೇಳಿದೆ. ಮೂಳೆ ಚೆನ್ನಾಗಿ ಕೂಡಿದ್ದೇ ತೊಂದರೆಯಾಗಿದೆ ಎಂಬುದನ್ನು ಬಾಯಿಬಿಟ್ಟು ಹೇಳುವಾಗ ನನಗೇ ನಾಚಿಕೆಯಾಯಿತು. ಆಕೆ ಎಡಗೈಯನ್ನು ಮುಂದೆ ಚಾಚಿ ನೋಡಿಕೊಂಡಳು.

"ಮತ್ತೆ ಮುರಿಸ್ಕೊಂಡ್ ಬರ್ಲಾ ಮೇಡಮ್ಮೋರೆ? ಈ ಸಲ ಪೋಟೋನ ನಿಮ್ ಕೈಗೇ ಕೊಡ್ತೀನಿ."

ತಮಾಷೆಗೆ ಹೇಳಿದಳೇನೋ ಎಂದು ಮುಖ ನೋಡಿದೆ. ತಮಾಷೆಯಿರಲಿಲ್ಲ. ನಾನು ಜೀಪಿನ ಬಾಗಿಲು ತೆರೆದು ಆಕೆಯನ್ನು ಹತ್ತಿಸಿದೆ.

ತಜ್ಞರ ಪತ್ರ ಸೇರಿಸಿ ದೊಡ್ಡ ಕಲಮಿನ ಕರಡನ್ನು ಸರ್ಕಾರಿ ವಕೀಲರ ಪರಿಶೀಲನೆಗೆ ಕಳಿಸಿದೆ. ಕಡತ ವಾಪಸ್ ಬಂತು. ಹಸು ಒದ್ದು ಮುರಿದಿರಬಹುದು, ಜಾರಿ ಬಿದ್ದು ಮುರಿದಿರಬಹುದು, ಘಟನೆಗೂ ಮೂಳೆಗೂ ನಂಟು ಕಟ್ಟುವ ದಾಖಲೆ ಎಲ್ಲಿ ಎಂದು ಟಿಪ್ಪಣಿ. ಫಿಲಂ ಪಟ್ಟಿಗಳ ಬಗ್ಗೆ ಫೋನಿನಲ್ಲೇ, "ಅವನ್ನು ನ್ಯಾಯಾಧೀಶರ ಮುಂದೆ ಇಟ್ಟು ಏನಂತ ಹೇಳಲಿ ಮೇಡಂ?" ಎಂದರು. ಮತ್ತೆ ಚನ್ನರಾಯಪಟ್ಟಣಕ್ಕೆ ಹೋದೆ. ಹುಡುಗ ಡಾಕ್ಟರು ಪರೀಕ್ಷೆ ಪಾಸಾಗಿ, ಊರು ಬಿಟ್ಟು ಹೊರಡುವ ತಯಾರಿಯಲ್ಲಿದ್ದ. ಅವತ್ತು ಅವನ ಮೇಲೆ ರೇಗಾಡಿದೆ. ನೀನು ಕಣ್ಣಾರೆ ನೋಡಿದ್ದನ್ನು ಬರೆಯಲು ನಿನಗೇನು ಕಷ್ಟ ಎಂದು ಕೂಗಿದೆ. ಅವನು ತಲೆ ತಗ್ಗಿಸಿಕೊಂಡೇ ಪ್ರಮಾಣಪತ್ರ ಬರೆದ. ಊತ, ನೋವು, ಮುರಿತದ ಅನುಮಾನ, ಫಿಲಂ ಹಾಜರುಪಡಿಸಿಲ್ಲ, ಆದ್ದರಿಂದ ಗಾಯದ ಸ್ವರೂಪ ಸಾದಾ.

"ಅನುಮಾನ ಇದ್ದರೆ ಸಾದಾ ಅಂತಲೇ ಕೊಡಬೇಕು ಮೇಡಂ. ಸಾರಿ" ಎಂದ.

ಕಂಬಿ ಹೋಯಿತು, ಮೂಳೆ ಹೋಯಿತು. ಉಳಿದದ್ದು ತಡೆದದ್ದು, ಹೊಡೆದದ್ದು, ಬೈದದ್ದು. ಸರ್ಕಲ್ ಸಾಹೇಬರು ಎಂದೋ ಹೇಳಿದ್ದ ಅದೇ ಸಣ್ಣ ಆರೋಪಪಟ್ಟಿಗೆ, ಅದೇ ಮೇಜಿನ ಮೇಲೆ, ಅಷ್ಟೆಲ್ಲ ಓಡಾಡಿದ ಮೇಲೆ ಸಹಿ ಹಾಕಿದೆ. ರೈಟರು ಕಡತಕ್ಕೆ ದಾರ ಕಟ್ಟಿ ಕೋರ್ಟಿ‌ಗೆ ಒಯ್ದರು.

ಕೋರ್ಟಿನಲ್ಲಿ ಅದು ಹೆಚ್ಚು ದಿನ ಉಳಿಯಲಿಲ್ಲ. ಮುಂದಿನ ಲೋಕ್ ಅದಾಲತ್‌ಗೆ ರಾಜಿಯಾಗಬಲ್ಲ ಕೇಸುಗಳ ಪಟ್ಟಿ ಮಾಡಿದಾಗ ಇದೂ ಸೇರಿತು. ಬೇರೆ ಕೇಸುಗಳಿಗಾಗಿ ನಾನೂ ಅವತ್ತು ಅಲ್ಲಿದ್ದೆ. ಆಕೆ ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದಳು, ಪಕ್ಕದಲ್ಲಿ ಗಂಡ, ಆಚೆ ನಿರ್ದೇಶಕ, ಅವನ ಹಿಂದೆ ಊರಿನ ಇಬ್ಬರು ಹಿರಿಯರು. ಯಾರದಾದರೂ ಬಲವಂತ ಇದೆಯಾ ಎಂದು ನ್ಯಾಯಾಧೀಶರು ಕೇಳಿದರು.

"ಯಾರ್ದೂ ಬಲವಂತ ಇಲ್ಲ ಸ್ವಾಮಿ. ನನ್ನಿಷ್ಟದಿಂದ್ಲೇ."

ಸಹಿ ಹಾಕಿದಳು. ಹಿರಿಯರೊಬ್ಬರು ಎಲ್ಲರಿಗೂ ಕೇಳುವಂತೆ ಒಳ್ಳೇದಾಯ್ತು ಎಂದರು. ನಾನು ಹೊರಗೆ ಬಂದು ಕಂಬಕ್ಕೆ ಒರಗಿ ನಿಂತೆ. ಆಕೆ ನನ್ನನ್ನು ಹುಡುಕಿಕೊಂಡು ಬಂದಳು. ನಾನು ಸಿಟ್ಟಿನಲ್ಲಿದ್ದೆ, ಆಕೆಯ ಮೇಲೂ.

"ಕಾಯ್ತೀನಿ ಅಂದಿದ್ದೆಯಲ್ಲ. ಕೊನೆಗೂ ಬಗ್ಗಿಸಿಬಿಟ್ಟರಲ್ಲ?" ಎಂದೆ.

"ಬಗ್ಗಿಸಿದ್ದಲ್ಲ ಮೇಡಮ್ಮೋರೆ. ನನ್ ಆಲು ಡೇರಿಗೆ ತಕ್ಕೊಳ್ತೀವಿ ಅಂತ ಅವ್ರು ಒಪ್ಕೊಂಡವ್ರೆ. ಸಾಲಲ್ಲಿ ನಿಂತ್ಕಂಡ್ ಆಕ್ತೀನಿ."

"ಮತ್ತೆ ನಿನ್ನ ಕೆಲಸ?"

"ಆ ಉಡ್ಗೀನ ಓದ್ ತಿಂಗ್ಳ ಸಬೇಲಿ ಪರ್ಮನೆಂಟ್ ಮಾಡುದ್ರು. ಕಟ್ಟು ಬಿಚ್ಚಿದ್ ಮ್ಯಾಲೆ ನೀವು ಬಂದು ಕೇಳ್ಕಂಡ್ ಓದ್ರಲ್ಲ, ಅದಾದ್ ವಾರಕ್ಕೇ ಊರ್ನೋರು ಬಂದಿದ್ರು. ರಾಜಿ ಆಗ್ಬುಡು, ನಾಳಿಂದ್ಲೇ ಬಂದು ನಿನ್ ಜಾಗ್ದಾಗೆ ನಿಂತ್ಕೊ ಅಂದಿದ್ರು. ಒಡ್ದೋನೂ ಊಂ ಅಂದಿದ್ದ. ನೀವು ಕಾಯಿ ಅಂದ್ರಲ್ಲ, ಅದ್ಕೇ ಬ್ಯಾಡ ಅಂದ್ಬುಟ್ಟೆ."

ಆ ಮಾತಿನಲ್ಲಿ ದೂರು ಇರಲಿಲ್ಲ. ನಡೆದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೆ. ಆಮೇಲೆ ಹಾಲು ಕರೆಯುವ ಹೊತ್ತಾಗುತ್ತದೆ ಎಂದು ಗಂಡನ ಹಿಂದೆ ಬಸ್ಸಿನ ಕಡೆ ನಡೆದಳು. ಒಳಗಿನಿಂದ ನನ್ನ ಠಾಣೆಯ ಇನ್ನೊಂದು ಕೇಸನ್ನು ಕೂಗಿದರು. ಮೊದಲ ಸಲ ನನಗೆ ಕೇಳಿಸಲಿಲ್ಲ.